ಯುವಜನ ಕೂಟದ ವಾರದ ಕಾರ್ಯಕ್ರಮ: ಆದ್ಯತೆ ನೋಡಿ ಯೋಜನೆ ಹಾಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕ್ರೈಸ್ತ ಸಭೆಗಳಲ್ಲಿ ಯುವಜನ ಕೂಟ ನಡೆಸುವ ಅಣ್ಣ-ಅಕ್ಕಂದಿರು, ಕಾರ್ಯದರ್ಶಿಗಳು, ಹೊಸದಾಗಿ ಬಂದ ಸಭಾಪಾಲಕರು (ಪಾಸ್ಟರ್‌ಗಳು) ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಮೆಥೋಡಿಸ್ಟ್, ಬ್ರದರನ್, ಸ್ವತಂತ್ರ ಸಭೆಗಳವರಿಗೂ ಬಹುಪಾಲು ಹೊಂದುತ್ತದೆ.

ನಮ್ಮ ಕೂಟ ಪ್ರತಿ ವಾರ ತಪ್ಪದೆ ನಡೆಯುತ್ತಿದೆ. ಆದ್ಯತೆ ಅಂತ ಬೇರೆ ಬೇಕೇ?

ತಪ್ಪದೆ ನಡೆಯುವುದು ಸಣ್ಣ ಮಾತಲ್ಲ. ಆದರೆ ಶುಕ್ರವಾರ ರಾತ್ರಿ ವಾಟ್ಸ್‌ಆಪ್ ಗ್ರೂಪಿನಲ್ಲಿ "ನಾಳೆ ವಾಕ್ಯ (ಬೈಬಲ್ ಸಂದೇಶ) ಯಾರು ತಗೋತೀರಿ?" ಅಂತ ಮೆಸೇಜ್ ಬರುತ್ತಿದ್ದರೆ, ಕೂಟ ನಡೆಯುತ್ತಿದೆ, ಯೋಜನೆ ಇಲ್ಲ. ಯಾರು ಸಿಕ್ಕರೋ ಅವರಿಗೆ ತೋಚಿದ್ದೇ ಅವತ್ತಿನ ವಿಷಯ. ಈ ವಾರ ಪ್ರಾರ್ಥನೆ, ಮುಂದಿನ ವಾರ ಮದುವೆಯ ವಿಚಾರ, ಅದರಾಚೆ ಬೈಬಲಿನ ಪ್ರಕಟನೆಯ ಪುಸ್ತಕ, ಆಮೇಲೊಂದು ವಾರ ಬರೀ ಆಟ. ಒಂದೊಂದೂ ಚೆನ್ನಾಗಿಯೇ ಇರಬಹುದು. ವರ್ಷ ಮುಗಿದ ಮೇಲೆ ಮಾತ್ರ "ನಮ್ಮ ಹುಡುಗರಲ್ಲಿ ಯಾರಿಗೆ ತಾವಾಗಿ ಬೈಬಲ್ ಓದುವ ರೂಢಿ ಬಂತು? ಹೊಸದಾಗಿ ಸೇರಿದವರಲ್ಲಿ ಎಷ್ಟು ಜನ ಉಳಿದರು?" ಎಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಬೈಬಲಿನಲ್ಲಿ ಮಾರ್ಕ 1:35-38 ಓದಿ ನೋಡಿ. ಕಪೆರ್ನೌಮ್ ಎಂಬ ಊರಿನವರೆಲ್ಲ ಯೇಸುವನ್ನು ಹುಡುಕುತ್ತಿದ್ದಾರೆ, ಅಲ್ಲಿ ಕೆಲಸವೂ ಬೇಕಾದಷ್ಟಿದೆ. ಆತನು ನಸುಕಿನಲ್ಲೇ ಎದ್ದು ಪ್ರಾರ್ಥನೆ ಮಾಡಿ ಬಂದಿದ್ದಾನೆ. ಪಕ್ಕದ ಊರುಗಳಿಗೆ ಹೋಗೋಣ, ನಾನು ಬಂದದ್ದು ಅದಕ್ಕೇ ಅನ್ನುತ್ತಾನೆ. ಒಳ್ಳೆಯ ಕೆಲಸಕ್ಕೂ 'ಈಗ ಬೇಡ' ಅನ್ನಬೇಕಾಗುತ್ತದೆ. ಯುವಜನ ಕೂಟ ನಡೆಸುವವರು ಮೊದಲು ಕಲಿಯಬೇಕಾದದ್ದು ಇದು ಅಂತ ನನ್ನ ಗಟ್ಟಿ ನಂಬಿಕೆ.

ಸೇವೆಯ ಆದ್ಯತೆಗಳು ಅಂದರೆ ಯಾವುವು?

ಅಪೊಸ್ತಲರ ಕೃತ್ಯಗಳು 2:42-47ರಲ್ಲಿ ಮೊದಲ ಸಭೆ ಏನೇನು ಮಾಡುತ್ತಿತ್ತು ಅಂತ ಇದೆ. ಅದನ್ನೇ ಹಿಡಿದು ಸಾಮಾನ್ಯವಾಗಿ ಐದು ಹೇಳುತ್ತಾರೆ: ಆರಾಧನೆ, ಅನ್ಯೋನ್ಯತೆ (ಒಬ್ಬರಿಗೊಬ್ಬರ ಒಡನಾಟ), ಶಿಷ್ಯತ್ವ (ಯೇಸುವಿನ ದಾರಿ ಕಲಿತು ನಡೆಯುವುದು), ಸೇವೆ, ಸುವಾರ್ತೆ (ನಂಬಿಕೆಯನ್ನು ಇತರರಿಗೆ ಹೇಳುವುದು). ಐದೂ ಸಭೆಗೆ ಬೇಕು, ಯಾವುದನ್ನೂ ಕೈಬಿಡುವ ಹಾಗಿಲ್ಲ. ಆದರೆ ಮೂರು ತಿಂಗಳ ಅವಧಿಗೆ ಎರಡನ್ನು, ಹೆಚ್ಚೆಂದರೆ ಮೂರನ್ನು ಮುಂದಿಟ್ಟುಕೊಳ್ಳಿ. ಉಳಿದವು ಇರುತ್ತವೆ, ಅವುಗಳ ಸುತ್ತ ಹೊಸದೇನನ್ನೂ ಕಟ್ಟಬೇಡಿ.

ಇನ್ನೊಂದು: 'ಶಿಷ್ಯತ್ವ' ಅಂತ ಬೋರ್ಡಿನ ಮೇಲೆ ಬರೆದರೆ ಅದು ಆದ್ಯತೆ ಆಗುವುದಿಲ್ಲ. "ಆಗಸ್ಟ್ ಮುಗಿಯುವಷ್ಟರಲ್ಲಿ ನಮ್ಮ ಪಿಯುಸಿ ಮಕ್ಕಳು ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನೂ ಮನೆಯಲ್ಲಿ ತಾವೇ ಓದಿ ಮುಗಿಸಬೇಕು" ಅಂತ ಬರೆದರೆ ಆಗುತ್ತದೆ. ಯಾರು, ಏನು, ಯಾವಾಗಿನ ತನಕ ಅನ್ನುವುದು ಆ ಒಂದು ವಾಕ್ಯದಲ್ಲಿ ಇರಲಿ.

ಯಾವುದನ್ನು ಆರಿಸಬೇಕು ಅಂತ ತೀರ್ಮಾನಿಸುವುದು ಹೇಗೆ?

ಮೊದಲು ಹೆಸರುಗಳಿಂದ ಶುರು ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಸಭೆಯ ರಿಜಿಸ್ಟರಿನಲ್ಲಿರುವ ಹುಡುಗ-ಹುಡುಗಿಯರೆಲ್ಲರ ಹೆಸರು ಬರೆಯಿರಿ, ಕೂಟಕ್ಕೆ ಬರುವವರದ್ದಷ್ಟೇ ಅಲ್ಲ. ಪಕ್ಕದಲ್ಲಿ ಒಂದೊಂದು ಸಾಲು: ಡಿಪ್ಲೊಮಾ ಎರಡನೇ ವರ್ಷ, ತಂದೆ ತೀರಿಕೊಂಡ ಮೇಲೆ ಬಂದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಭಾನುವಾರವೂ ಡ್ಯೂಟಿ. ಕನ್ಫರ್ಮೇಶನ್ (ತನ್ನ ನಂಬಿಕೆಯನ್ನು ಸಭೆಯ ಮುಂದೆ ದೃಢಪಡಿಸುವ ವಿಧಿ) ಆಯಿತು, ಆಮೇಲೆ ಕಾಣಲಿಲ್ಲ. ಗಿಟಾರ್ ಬಾರಿಸುತ್ತಾನೆ, ವಾಕ್ಯದ ಹೊತ್ತಿಗೆ ಹೊರಗೆ ನಿಂತಿರುತ್ತಾನೆ.

ಪಟ್ಟಿ ಮುಗಿಯುವಷ್ಟರಲ್ಲಿ ಆದ್ಯತೆ ತಾನಾಗಿಯೇ ಕಾಣಿಸುತ್ತದೆ. ಕನ್ಫರ್ಮೇಶನ್ ಆದ ಮೇಲೆ ಕಾಣೆಯಾದವರ ಹೆಸರೇ ಅರ್ಧ ಪುಟ ತುಂಬಿದರೆ, ನಿಮಗೆ ಈಗ ಬೇಕಾಗಿರುವುದು ಅನ್ಯೋನ್ಯತೆ. ಹೊಸ ಸೌಂಡ್ ಸಿಸ್ಟಮ್ ಅಲ್ಲ. ನೆಹೆಮೀಯನು ಯೆರೂಸಲೇಮಿನ ಗೋಡೆ ಕಟ್ಟುವ ಮಾತನ್ನು ಜನರ ಮುಂದಿಡುವ ಮೊದಲು ರಾತ್ರಿಯಲ್ಲಿ ಸುತ್ತು ಹೊಡೆದು, ಎಲ್ಲೆಲ್ಲಿ ಬಿದ್ದಿದೆ ಅಂತ ತಾನೇ ನೋಡಿ ಬಂದ (ನೆಹೆಮೀಯ 2). ಈ ಪಟ್ಟಿ ಮಾಡುವುದು ಅದೇ ಕೆಲಸ.

ಇದನ್ನು ಒಬ್ಬರೇ ಮಾಡಬೇಡಿ. ಸಭಾಪಾಲಕರು, ಇಬ್ಬರು ಹಿರಿಯ ಯುವಕರು, ಇಬ್ಬರು ಯುವತಿಯರು, ಸಂಡೇ ಸ್ಕೂಲ್ ಟೀಚರ್ ಒಬ್ಬರು ಕುಳಿತರೆ ಸಾಕು. ಪಟ್ಟಿಯಲ್ಲಿ ಮನೆಮನೆಯ ಕಷ್ಟ ಇರುತ್ತದೆ, ಹಾಗಾಗಿ ಅದು ಆ ಕೋಣೆಯಿಂದ ಹೊರಗೆ ಹೋಗಬಾರದು. ಫೋಟೊ ತೆಗೆದು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಆರಿಸಿಕೊಂಡ ಮೇಲೆ ವಾರಗಳಿಗೆ ಹಂಚುವುದು ಹೇಗೆ?

ಉದಾಹರಣೆಗೆ 2026ರ ಜೂನ್, ಜುಲೈ, ಆಗಸ್ಟ್ ತೆಗೆದುಕೊಳ್ಳಿ. ಒಟ್ಟು 13 ಶನಿವಾರ. ಅದರಲ್ಲಿ ಒಂದು ಆಗಸ್ಟ್ 15, ಅವತ್ತು ಧ್ವಜಾರೋಹಣ, ಸಭೆಯ ಕಾರ್ಯಕ್ರಮ. ಇನ್ನೊಂದನ್ನು ಬೇಕಂತಲೇ ಖಾಲಿ ಬಿಡಿ. ಮಳೆ, ಸಾವು-ನೋವು, ಯಾರದ್ದಾದರೂ ಮದುವೆ, ಏನಾದರೂ ಬಂದೇ ಬರುತ್ತದೆ. ಉಳಿದದ್ದು 11.

ಮೊದಲ ಆದ್ಯತೆ ಮಾರ್ಕನ ಸುವಾರ್ತೆ ಓದಿಸುವುದು ಅಂದುಕೊಳ್ಳಿ, ಅದಕ್ಕೆ 6 ಸಂಜೆ. ಎರಡನೆಯದು ಸಭೆಯ ವಯಸ್ಸಾದವರ ಸೇವೆ, ಅದಕ್ಕೆ 3. ಉಳಿದ 2 ಅನ್ಯೋನ್ಯತೆಗೆ: ಒಂದು ಸಂಜೆ ಒಟ್ಟಿಗೆ ಊಟ, ಒಂದು ಸಂಜೆ ಬಾರದೇ ಇರುವವರ ಮನೆಗೆ ಹೋಗುವುದು. ಆರು ಓದಿನ ಸಂಜೆಗಳನ್ನು ಒಂದೇ ಸಾಲಿಗೆ ಇಡಬೇಡಿ. ನಡುವೆ ಸೇವೆಯ ವಾರ ಬಂದರೆ ಮನೆಯಲ್ಲಿ ಅಧ್ಯಾಯ ಓದಿಕೊಳ್ಳಲು ಸಮಯ ಸಿಗುತ್ತದೆ, ಓದಿದ್ದನ್ನು ಕೈಯಲ್ಲಿ ಮಾಡಿ ನೋಡಲೂ ಅವಕಾಶ ಆಗುತ್ತದೆ.

ಈಗ ಯಾರೋ ಬಂದು "ಜುಲೈನಲ್ಲಿ ನಮ್ಮ ಪರಿಚಯದ ಸ್ಪೀಕರ್ ಒಬ್ಬರು ಬರುತ್ತಾರೆ, ಒಂದು ಶನಿವಾರ ಕೊಡಿ" ಅನ್ನುತ್ತಾರೆ. ಪಟ್ಟಿ ಗೋಡೆಯ ಮೇಲಿದ್ದರೆ ಉತ್ತರ ಸುಲಭ: ಆ ವಿಷಯ ನಮ್ಮ ಎರಡು ಆದ್ಯತೆಗೆ ಸೇರುತ್ತದೆಯೇ? ಸೇರಿದರೆ ಸಂತೋಷ. ಸೇರದಿದ್ದರೆ ವಿನಯದಿಂದ ಸೆಪ್ಟೆಂಬರ್‌ಗೆ ಕೇಳಿಕೊಳ್ಳಿ.

ವರ್ಷದಲ್ಲಿ ಯಾವ ತಿಂಗಳಿಗೆ ಯಾವುದು ಹೊಂದುತ್ತದೆ?

ಮಕ್ಕಳ ಪರೀಕ್ಷೆ ಮತ್ತು ಸಭೆಯ ಪಂಚಾಂಗ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮಾರ್ಚ್‌ನಲ್ಲಿ ಎರಡನೇ ಪಿಯುಸಿ, ಅದರ ಬೆನ್ನಿಗೆ ಎಸ್ಸೆಸ್ಸೆಲ್ಸಿ, ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಸಿಇಟಿ. ಅದೇ ಹೊತ್ತಿಗೆ ಲೆಂಟ್, ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ಕಾಲ. ಈಸ್ಟರ್ ಬೇರೆ ಪ್ರತಿ ವರ್ಷ ಜಾಗ ಬದಲಿಸುತ್ತದೆ: 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಆದ್ದರಿಂದ ಹೋದ ವರ್ಷದ ಪಟ್ಟಿಯನ್ನೇ ಈ ವರ್ಷಕ್ಕೂ ಇಳಿಸಿಕೊಂಡರೆ ನಡೆಯುವುದಿಲ್ಲ. ಆ ಎರಡು ತಿಂಗಳು ಕೂಟವನ್ನು ಮುಕ್ಕಾಲು ಗಂಟೆಗೆ ಇಳಿಸಿ: ಒಂದು ಕೀರ್ತನೆ, ಒಂದು ವಾಕ್ಯಭಾಗ, ಹೆಸರು ಹಿಡಿದು ಪ್ರಾರ್ಥನೆ, ಚಹಾ, ಮನೆಗೆ.

2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ, ಎರಡನೇ ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಿದ್ದಾರೆ. ಮೊದಲನೆಯದರಲ್ಲಿ ಫೇಲಾದ ಹುಡುಗ ಮುಂದಿನದಕ್ಕೆ ಓದುತ್ತಿರುತ್ತಾನೆ. ಫಲಿತಾಂಶ ಬಂದ ವಾರ ಅವನು ಕೂಟಕ್ಕೆ ಬರುವುದಿಲ್ಲ, ಯಾಕೆಂದರೆ ಪಾಸಾದವರಿಗೆ ಅಲ್ಲಿ ಕೇಕ್ ಕಟ್ ಮಾಡುತ್ತಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಆದ್ಯತೆ ಅನ್ಯೋನ್ಯತೆಯಾಗಿದ್ದರೆ ಆ ವಾರದ ಕೂಟವನ್ನು ಅವನ ಮನೆಯ ಜಗಲಿಯಲ್ಲೇ ಇಡಿ. ಗಣಿತ ಬರುವವನೊಬ್ಬನನ್ನು ಮುಂದಿನ ಪರೀಕ್ಷೆಯ ತನಕ ಅವನ ಜೊತೆಗೆ ಹಾಕಿ.

ಏಪ್ರಿಲ್-ಮೇನಲ್ಲಿ ವಿಬಿಎಸ್ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಇರುವುದರಿಂದ ಅದೇ ನಿಮ್ಮ ಸೇವೆ. ಜೂನ್‌ನಿಂದ ಸೆಪ್ಟೆಂಬರ್ ವಾಕ್ಯ ಕಲಿಸಲು ಒಳ್ಳೆಯ ಕಾಲ. ಡಿಸೆಂಬರ್ ಪೂರ್ತಿ ಕ್ಯಾರಲ್ಸ್ (ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವುದು) ತಿನ್ನುತ್ತದೆ. 2026ರಲ್ಲಿ ಆಗಮನ ಕಾಲ (ಕ್ರಿಸ್ಮಸ್‌ಗೆ ಸಿದ್ಧವಾಗುವ ವಾರಗಳು) ನವೆಂಬರ್ 29ಕ್ಕೇ ಶುರು, ಹಾಗಾಗಿ ಕ್ರಿಸ್ಮಸ್‌ನ ನಾಟಕ, ಕ್ಯಾರಲ್ಸ್ ಮಾರ್ಗ ಅಕ್ಟೋಬರ್‌ನಲ್ಲೇ ತೀರ್ಮಾನವಾಗಲಿ.

ಒಂದು ಸಂಜೆಯ ಕೂಟ ಹೇಗಿರಬೇಕು?

ಒಂದೂವರೆ ಗಂಟೆ, ಒಂದೇ ಮುಖ್ಯ ಕೆಲಸ. ಲೂಕ 10:25-37, ಒಳ್ಳೆಯ ಸಮಾರ್ಯದವನ ಸಾಮ್ಯದ ಸಂಜೆ ಒಂದನ್ನು ಹೇಳುತ್ತೇನೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಬಿಟ್ಟು ಹೋಗುತ್ತಾರೆ, ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬ ಅವನನ್ನು ನೋಡಿಕೊಳ್ಳುತ್ತಾನೆ.

ಐದೂವರೆಗೆ ಬೆಂಚುಗಳನ್ನು ಸರಿಸಿ ಕುರ್ಚಿಗಳನ್ನು ಸುತ್ತು ಹಾಕಿರುತ್ತಾರೆ. ಸಾಲಾಗಿ ಕೂತರೆ ಒಬ್ಬರೇ ಮಾತಾಡುತ್ತಾರೆ, ಸುತ್ತು ಕೂತರೆ ಎಲ್ಲರೂ ಬಾಯಿ ಬಿಡುತ್ತಾರೆ. ಎರಡು ಹಾಡು, ಚಿಕ್ಕ ಪ್ರಾರ್ಥನೆ. ಆಮೇಲೆ ಮೂವರು ಭಾಗ ಹಂಚಿಕೊಂಡು ಓದುತ್ತಾರೆ: ಕಥೆ ಹೇಳುವವರು, ಧರ್ಮೋಪದೇಶಕ, ಯೇಸು. ಓದಿದ ಮೇಲೆ ಒಂದು ನಿಮಿಷ ಸುಮ್ಮನೆ. ಮುನ್ನಡೆಸುವ ಅಕ್ಕ ಮೂರೇ ಪ್ರಶ್ನೆ ತಂದಿರುತ್ತಾಳೆ. ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದಾಗ ಅವರ ತಲೆಯಲ್ಲಿ ಏನು ಓಡುತ್ತಿದ್ದಿರಬಹುದು? ಇಂದು ನಮ್ಮ ಓಣಿಯಲ್ಲಿ ಸಮಾರ್ಯದವನ ಜಾಗದಲ್ಲಿ ಯಾರನ್ನು ಇಟ್ಟರೆ ನಮಗೆ ಕಸಿವಿಸಿಯಾಗುತ್ತದೆ? ಆ ಸಮಾರ್ಯದವನು ಖರ್ಚು ಮಾಡಿದ್ದೇನೇನು?

ಮೂರನೆಯ ಪ್ರಶ್ನೆಗೆ ಮಕ್ಕಳು ವಾಕ್ಯಕ್ಕೆ ಮರಳಿ ಹೋಗಿ ಬೆರಳಿಟ್ಟು ಹುಡುಕುತ್ತಾರೆ: ಎಣ್ಣೆ, ದ್ರಾಕ್ಷಾರಸ, ತನ್ನ ವಾಹನ, ಒಂದು ರಾತ್ರಿ, ಎರಡು ಬೆಳ್ಳಿ ನಾಣ್ಯ, ಮತ್ತೆ ಬಂದಾಗ ಕೊಡುತ್ತೇನೆ ಅನ್ನುವ ಮಾತು. ಪ್ರಸಂಗಕ್ಕಿಂತ ಆ ಹುಡುಕಾಟ ಹೆಚ್ಚು ಕಲಿಸುತ್ತದೆ. ಕೊನೆಗೆ ಪ್ರತಿಯೊಬ್ಬರೂ ಮುಂದಿನ ಶನಿವಾರದೊಳಗೆ ಮಾಡುವ ಒಂದು ಕೆಲಸವನ್ನು ಚೀಟಿಯಲ್ಲಿ ಬರೆದು ತಮ್ಮ ಬೈಬಲಿನಲ್ಲೇ ಇಟ್ಟುಕೊಳ್ಳುತ್ತಾರೆ, ಓದಿ ಹೇಳುವ ಒತ್ತಾಯ ಇಲ್ಲ. ಇಬ್ಬಿಬ್ಬರಾಗಿ ಪ್ರಾರ್ಥನೆ, ಚಹಾ-ಚುರುಮುರಿ. ಏಳಕ್ಕೆ ಬಾಗಿಲು ಹಾಕಿ.

ಹಾಡಿಗೆ ಎಷ್ಟು ಸಮಯ?

ಹದಿನೈದು-ಇಪ್ಪತ್ತು ನಿಮಿಷ. ಹೊಸ ಕೋರಸ್‌ಗಳ ಜೊತೆ ಸಭೆಯ ಸಂಗೀತ ಪುಸ್ತಕದ ಒಂದು ಹಳೆಯ ಕೀರ್ತನೆ ಇರಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಕಟ್ಟಿದ ಸಭೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಕನ್ನಡ ಕೀರ್ತನೆಗಳಿವೆ. ಅಜ್ಜಿಗೆ ಬಾಯಿಪಾಠ ಇರುವುದು ಮೊಮ್ಮಗಳಿಗೆ ಬಾರದೇ ಹೋಗುವುದು ಬೇಡ. ಗಾಯನ ಪ್ರಾಕ್ಟೀಸ್ ಬೇರೆ ದಿನ ಇಟ್ಟುಕೊಳ್ಳಿ, ಕೂಟದ ಹೊತ್ತಿನಲ್ಲಿ ತಬಲಾ ಶ್ರುತಿ ಮಾಡುತ್ತ ಕೂರಬೇಡಿ.

ಎಲ್ಲ ಕೆಲಸವೂ ಇಬ್ಬರು ಮೂವರ ಮೇಲೆಯೇ ಬೀಳುತ್ತಿದೆ. ಏನು ಮಾಡಲಿ?

ಹಳೆಯ ಸಭೆಗಳವರಿಗೆ 'ಸಿಇ' ನೆನಪಿರಬಹುದು, ಕ್ರಿಶ್ಚಿಯನ್ ಎಂಡೆವರ್. ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ 1881ರ ಫೆಬ್ರವರಿ 2ರಂದು ತಮ್ಮ ಸಭೆಯ ಯುವಜನರನ್ನು ಕೂಡಿಸಿ ಶುರು ಮಾಡಿದ್ದು. ಭಾರತದ ಸಭೆಗಳಿಗೂ ಬಂತು. ಅದರ ಜೀವಾಳ ಎರಡು: ಬಂದವರೆಲ್ಲರೂ ಪ್ರತಿ ಕೂಟದಲ್ಲಿ ಏನಾದರೂ ಒಂದು ಭಾಗ ವಹಿಸಬೇಕು, ಒಂದು ವಾಕ್ಯ ಓದುವುದಾದರೂ ಸರಿ. ಮತ್ತೆ, ಕೆಲಸಗಳು ಚಿಕ್ಕ ಚಿಕ್ಕ ಸಮಿತಿಗಳಿಗೆ ಹಂಚಿಹೋಗಬೇಕು: ಪ್ರಾರ್ಥನೆಗೆ ಒಂದು, ಹೊಸಬರನ್ನು ನೋಡಿಕೊಳ್ಳಲು ಒಂದು, ಸ್ನೇಹಕೂಟಕ್ಕೆ ಒಂದು.

ಇಷ್ಟು ವರ್ಷವಾದರೂ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ನಿಮ್ಮ ಎರಡು ಆದ್ಯತೆಗೆ ಎರಡು ತಂಡ ಮಾಡಿ, ಒಂದೊಂದರಲ್ಲೂ ಒಬ್ಬ ಹಿರಿಯ, ಒಬ್ಬ ಕಿರಿಯ ಇರಲಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ಊಟದ ವಿಚಾರ ಬಂದಾಗ ಅಪೊಸ್ತಲರು ಅದನ್ನು ಬದಿಗೆ ತಳ್ಳಲಿಲ್ಲ. ಸಭೆಯವರೇ ಆರಿಸಿದ ಏಳು ಮಂದಿಗೆ ಒಪ್ಪಿಸಿಕೊಟ್ಟರು, ತಾವು ವಾಕ್ಯದಲ್ಲಿ, ಪ್ರಾರ್ಥನೆಯಲ್ಲಿ ಉಳಿದರು. ಆದರೆ ಒಪ್ಪಿಸಿದ ಮೇಲೆ ನಿಜವಾಗಿ ಬಿಟ್ಟುಕೊಡಿ. ಹುಡುಗ ತಡವರಿಸುತ್ತ ವಾಕ್ಯ ಹಂಚಿಕೊಳ್ಳುವಾಗ ನಡುವೆ ಬಾಯಿ ಹಾಕಿ ತಿದ್ದಬೇಡಿ.

ಸೇವೆಯ ವಾರ ಅಂದರೆ ಆಸ್ಪತ್ರೆಯಲ್ಲಿ ಹಣ್ಣು-ಬ್ರೆಡ್ ಹಂಚುವುದೇ?

ಅದನ್ನು ಮಾಡಿ ಫೋಟೊ ತೆಗೆಸಿಕೊಂಡು ಬಂದರೆ ಯಾರ ಹೆಸರೂ ನೆನಪಿರುವುದಿಲ್ಲ. ನಿಮ್ಮ ಸಭೆಯಲ್ಲೇ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಇಬ್ಬರೇ ಉಳಿದ ಅಜ್ಜ-ಅಜ್ಜಿ ಇರುತ್ತಾರೆ. ಅವರ ಮನೆಗೆ ಮೂವರು ಹೋಗಿ. ಕರೆಂಟ್ ಬಿಲ್ ಕಟ್ಟುವುದು ಬಾಕಿಯೇ, ಗ್ಯಾಸ್ ಬುಕ್ ಆಗಿದೆಯೇ ಕೇಳಿ. ಮಾತ್ರೆಯ ಹಾಳೆಗಳ ಮೇಲೆ ಡಾಕ್ಟರು ಬರೆದ ಚೀಟಿ ನೋಡಿಕೊಂಡು ದಪ್ಪ ಕನ್ನಡ ಅಕ್ಷರದಲ್ಲಿ 'ಬೆಳಿಗ್ಗೆ', 'ರಾತ್ರಿ' ಅಂತ ಬರೆದು ಅಂಟಿಸಿ. ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಬೇಕಿದ್ದರೆ ಫೋನಿನಲ್ಲಿ ಮಾಡಿಕೊಡಿ. ಕೊನೆಗೆ ಅಜ್ಜಿಗೆ ಇಷ್ಟವಾದ ಕೀರ್ತನೆ ಹಾಡಿ, ಅವರನ್ನೇ ಪ್ರಾರ್ಥನೆ ಮಾಡಲು ಕೇಳಿ. ಹೋದವರಿಗೇ ಆಶೀರ್ವಾದ ಸಿಗುತ್ತದೆ. ಮುಂದಿನ ಸೇವೆಯ ವಾರಕ್ಕೂ ಅದೇ ಮೂವರು ಅದೇ ಮನೆಗೆ ಹೋಗಬೇಕು, ಇದು ಮುಖ್ಯ.

ದೊಡ್ಡದೇನಾದರೂ ಮಾಡಬೇಕೆಂದರೆ ರಕ್ತದಾನ ಶಿಬಿರ ಒಳ್ಳೆಯದು. 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಚಿಕ್ಕವರಿಗೆ ನೋಂದಣಿ, ನೀರು-ಬಿಸ್ಕೆಟ್‌ನ ಕೆಲಸ ಕೊಡಿ.

ಬೇರೆ ಧರ್ಮದ ಸ್ನೇಹಿತರು ಕೂಟಕ್ಕೆ ಬರಬಹುದೇ? ಸುವಾರ್ತೆಯ ವಾರದಲ್ಲಿ ಏನು ಮಾಡಬೇಕು?

ಬರಬಹುದು, ಮನೆಗೆ ಬಂದ ನೆಂಟರಂತೆ ನೋಡಿಕೊಳ್ಳಿ. ಚಿಕ್ಕ ವಯಸ್ಸಿನವರಾದರೆ ಅವರ ತಂದೆ-ತಾಯಿಗೆ ಗೊತ್ತಿರಲೇಬೇಕು. ಮುಚ್ಚಿಟ್ಟು ಕರೆತರುವುದು, ಉಡುಗೊರೆ ತೋರಿಸುವುದು, ಅವರ ದೇವರು-ಆಚಾರಗಳನ್ನು ಹಳಿಯುವುದು ಸುವಾರ್ತೆಗೆ ತಕ್ಕದ್ದಲ್ಲ. 1 ಪೇತ್ರ 3:15 ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅನ್ನುತ್ತದೆ, ಅದೂ ಸಾತ್ವಿಕತ್ವದಿಂದ, ಗೌರವದಿಂದ. ಆದ್ದರಿಂದ ಸುವಾರ್ತೆಯ ವಾರದ ಮುಖ್ಯ ಕೆಲಸ ನಮ್ಮ ಮಕ್ಕಳು ತಮ್ಮ ನಂಬಿಕೆಯನ್ನು ತಮ್ಮದೇ ಮಾತಿನಲ್ಲಿ ಎರಡು ನಿಮಿಷ ಹೇಳಲು ಕಲಿಯುವುದು. ಇಪ್ಪತ್ತು ವರ್ಷ ಸಭೆಯಲ್ಲೇ ಬೆಳೆದವರಿಗೂ ಇದು ಸುಲಭವಲ್ಲ.

ಹೈಸ್ಕೂಲು ಮಕ್ಕಳು, ಕೆಲಸಕ್ಕೆ ಹೋಗುವವರು ಒಂದೇ ಕೂಟದಲ್ಲಿ ಇರಬಹುದೇ?

ಹಾಡು, ಊಟ, ಸೇವೆ ಒಟ್ಟಿಗೆ. ವಾಕ್ಯದ ಚರ್ಚೆ ಬೇರೆ ಬೇರೆ. ಹದಿಮೂರು ವರ್ಷದವಳ ಮುಂದೆ ಇಪ್ಪತ್ತೈದರವನು ತನ್ನ ಆಫೀಸಿನ ಕಷ್ಟ ಹೇಳಲಾರ, ಅವನ ಮುಂದೆ ಅವಳೂ ಪ್ರಶ್ನೆ ಕೇಳಲಾರಳು.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಬೈಬಲ್ ಓದಲು ಬರುವುದಿಲ್ಲ.

ಬೆಂಗಳೂರಿನಲ್ಲಂತೂ ಇದು ಮನೆಮನೆಯ ಮಾತು. ಅವರು ತಮಗೆ ಬರುವ ಭಾಷೆಯಲ್ಲಿ ಓದಲಿ, ಚರ್ಚೆ ಕನ್ನಡದಲ್ಲಿ ಆಗಲಿ. ಪ್ರತಿ ವಾರ ಒಂದೇ ಒಂದು ವಚನವನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿಸಿ. ಓದಲು ಬಾರದ್ದಕ್ಕೆ ಎಲ್ಲರ ಮುಂದೆ ನಾಚಿಸಿದರೆ ಅವರು ಮತ್ತೆ ಬರುವುದಿಲ್ಲ.

ಹುಡುಗಿಯರು ಬರುವುದು ಕಡಿಮೆಯಾಗುತ್ತಿದೆ.

ಮೊದಲು ಗಡಿಯಾರ ನೋಡಿ. ಏಳಕ್ಕೆ ಮುಗಿಯುತ್ತದೆ ಅಂತ ಹೇಳಿ ಎಂಟಕ್ಕೆ ಬಿಟ್ಟರೆ ಯಾವ ತಾಯಿಯೂ ಕಳಿಸುವುದಿಲ್ಲ. ಆಮೇಲೆ ನಿಮ್ಮ ಯೋಜನೆಯ ಸಮಿತಿ ನೋಡಿ: ಹುಡುಗಿಯರು ಅಲ್ಲಿ ತೀರ್ಮಾನ ಮಾಡುತ್ತಾರೆಯೇ, ಚಹಾ ಲೋಟ ತೊಳೆಯುತ್ತಾರೆಯೇ?

ಮಕ್ಕಳ ಸುರಕ್ಷತೆಗೆ ಏನೇನು ನಿಯಮ ಇರಬೇಕು?

ಆದ್ಯತೆ ಯಾವುದೇ ಇರಲಿ, ಇದರಲ್ಲಿ ರಾಜಿ ಇಲ್ಲ. ಹದಿನೆಂಟರೊಳಗಿನವರ ಜೊತೆ ದೊಡ್ಡವರೊಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು, ಪ್ರಾರ್ಥನೆಗೂ ಸಹ. ಕ್ಯಾಂಪಿಗೆ ಹೋದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಹುಡುಗಿಯರಿದ್ದರೆ ಜವಾಬ್ದಾರಿಯುತ ಮಹಿಳೆಯರು ಜೊತೆಗಿರಬೇಕು. ಮಕ್ಕಳಿಗೆ ರಾತ್ರಿ ಹೊತ್ತು ಖಾಸಗಿಯಾಗಿ ಮೆಸೇಜ್ ಮಾಡುವುದು ಬೇಡ.

2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. "ಸಭೆಯ ಮಾನ ಹೋಗುತ್ತದೆ, ಒಳಗೇ ಸರಿ ಮಾಡೋಣ" ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ಕೂಟದ ಕೋಣೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.

ಒಬ್ಬ ಹುಡುಗ "ಬದುಕೋದೇ ಬೇಡ ಅನ್ನಿಸ್ತಿದೆ" ಅಂದ. ಪ್ರಾರ್ಥನೆ ಮಾಡಿದರೆ ಸಾಕೇ?

ಪ್ರಾರ್ಥನೆ ಮಾಡಿ, ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ವೈದ್ಯರ ಸಹಾಯ ಕೊಡಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬಿಕೆ ಕಡಿಮೆಯಾಗಿದ್ದಕ್ಕೆ ಹೀಗಾಯಿತು ಅಂತ ಯಾರೂ ಅವನಿಗೆ ಹೇಳಬಾರದು.

ಖರ್ಚಿಗೆ ಏನು ಮಾಡುವುದು?

ಹೆಚ್ಚೇನೂ ಬೇಕಾಗುವುದಿಲ್ಲ. ಕೂಟದ ಕಾಣಿಕೆ, ಸಭೆಯ ಕಮಿಟಿಯ ಸಣ್ಣ ಅನುದಾನ ಸಾಕು. ಖಜಾಂಚಿ ತಿಂಗಳಿಗೊಮ್ಮೆ ಲೆಕ್ಕ ಓದಿ ಹೇಳಲಿ. ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಿದರೆ ನಿಮ್ಮ ನಿಜವಾದ ಆದ್ಯತೆಯೂ ಗೊತ್ತಾಗುತ್ತದೆ.

ನಾವು ಇರುವುದೇ ಆರೇಳು ಜನ. ಇದೆಲ್ಲ ನಮಗೆ ಬೇಕೇ?

ನಿಮಗೇ ಹೆಚ್ಚು ಬೇಕು. ಆರೇಳು ಜನ ಐದೂ ಕೆಲಸಕ್ಕೆ ಕೈ ಹಾಕಿದರೆ ಎರಡು ತಿಂಗಳಲ್ಲಿ ಸುಸ್ತಾಗುತ್ತೀರಿ. ಒಂದೇ ಆದ್ಯತೆ ಇಟ್ಟುಕೊಳ್ಳಿ, ಮನೆಯಲ್ಲೇ ಸೇರಿ, ಮೈಕ್ ಬೇಡ.

ಆದ್ಯತೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ಹೇಗೆ ತಿಳಿಯುವುದು? ನಡುವೆ ಬದಲಿಸಬಹುದೇ?

ಮೂರು ತಿಂಗಳಾದ ಮೇಲೆ ಅದೇ ನೋಟ್‌ಬುಕ್ ತೆಗೆದು, ಒಂದೊಂದು ಹೆಸರಿನ ಮುಂದೆ ಈಗಿನ ಸಾಲು ಬರೆಯಿರಿ. ಹಾಜರಾತಿ ಏರಿರಬಹುದು, ಇಳಿದಿರಬಹುದು. ಮಾರ್ಕನ ಸುವಾರ್ತೆಯನ್ನು ಯಾರು ಮುಗಿಸಿದರು? ಬಾರದಿದ್ದವರಲ್ಲಿ ಯಾರು ಮರಳಿದರು? ಅಜ್ಜ-ಅಜ್ಜಿಯ ಮನೆಗೆ ಕರೆಯದೆಯೇ ಯಾರು ಹೋಗುತ್ತಿದ್ದಾರೆ? ಮೂರು ನಾಲ್ಕು ಹೆಸರಿನ ಮುಂದೆಯಾದರೂ ಸಾಲು ಬದಲಾಗಿದ್ದರೆ ಅದೇ ಆದ್ಯತೆಯನ್ನು ಇನ್ನೊಂದು ಅವಧಿಗೆ ಮುಂದುವರಿಸಿ.

ನಡುವೆ ಬದಲಿಸಬಹುದು, ಆದರೆ ಬೇಸರಕ್ಕೆ ಬದಲಿಸಬೇಡಿ. ಸಭೆಯಲ್ಲಿ ಅಕಾಲ ಮರಣ ಆಯಿತು, ಊರಿಗೆ ನೆರೆ ಬಂತು ಅಂದರೆ ಗೋಡೆಯ ಪಟ್ಟಿ ಇಳಿಸಿ ಆ ಮನೆಗಳಿಗೆ ಹೋಗಿ. ಉಳಿದ ಸಂದರ್ಭದಲ್ಲಿ ಅವಧಿ ಮುಗಿಯುವ ತನಕ ಹಿಡಿದಿರಿ. ಮುಂದಿನ ಮೂರು ತಿಂಗಳ ಯೋಜನೆಗೆ ಕೂರುವ ದಿನವನ್ನು ಈಗಲೇ ಸಭಾಪಾಲಕರ ಡೈರಿಯಲ್ಲಿ ಬರೆಸಿಬಿಡಿ. ಅವರ ಶನಿವಾರಗಳು ಬೇಗ ತುಂಬಿಹೋಗುತ್ತವೆ.